ಸಾಣಿಗಿ ಇಲ್ಲದ ರೇಡಿಯೊ

ಕೊಟ್ರಬಸಮ್ಮ ಸಾಣಿಗಿ ಹಿಡಿದು ಜೋಳದ ಹಿಟ್ಟು ಜರಡಿಯಾಡುತ್ತ ಏನನ್ನೋ ಗುನುಗುತ್ತಿದ್ದಳು. ಪಡಸಾಲೆಯಲ್ಲಿ ಗಂಡನ ದನಿ ಏರಿತು.

"ಇವತ್ತ ದೂರು ಕಳಸ್ತೀನಿ. ಲೈಸೆನ್ಸ್ ಹೋಗಲಿ, ಬುದ್ಧಿ ಬರತೈತಿ!"

ಪಂಚಾಕ್ಷರಪ್ಪ ಬೈಯುತ್ತಿದ್ದುದು ಕೂಡ್ಲಿಗಿಯ ಅಸ್ಮಾಳನ್ನು. ಇಬ್ಬರೂ ಹ್ಯಾಮ್ ರೇಡಿಯೊದವರು, ಲೈಸೆನ್ಸ್ ಪಡೆದ ಹವ್ಯಾಸಿಗಳು. ಸರ್ಕಾರ ಕೊಟ್ಟ ತರಂಗದಲ್ಲಿ ಮಾತಾಡಬಹುದು, ಹಾಡು ಹಾಕುವಂತಿಲ್ಲ. ಆದರೆ ಹತ್ತು ದಿನದಿಂದ ನೂರಾ ನಲವತ್ತೈದು ಮೆಗಾಹರ್ಟ್ಸಿನಲ್ಲಿ ಸಿನಿಮಾ ಹಾಡು ಕೇಳುತ್ತಿತ್ತು. ಅವನ ಕಂಪ್ಯೂಟರಿಗೆ ಸಿಕ್ಕಿಸಿದ ಪುಟ್ಟ ರೇಡಿಯೊ ಅದನ್ನು ತೆರೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಸುತ್ತಮುತ್ತ ಆ ತರಂಗದಲ್ಲಿ ಮಾತಾಡುವವರು ಅವರಿಬ್ಬರೇ.

"ನಾ ಹಾಕಿಲ್ಲ ಕಾಕಾ. ಎರಡು ಸಲ ಫೇಲಾಗಿ ತಗೊಂಡ ಲೈಸೆನ್ಸ್ ರೀ ಅದು," ದೂರಿನ ಸುದ್ದಿ ಕೇಳಿ ಕೂಡ್ಲಿಗಿಯಿಂದ ಓಡಿಬಂದಿದ್ದ ಅಸ್ಮಾ ಪಡಸಾಲೆಯಲ್ಲಿ ನಿಂತು ಅಂಗಲಾಚಿದಳು.

ಆ ದನಿ ಕೇಳಲಾರದೆ ಕೊಟ್ರಬಸಮ್ಮನೇ ಬಾನು ಬೀಗೆ ಹೇಳಿಕಳಿಸಿದಳು. ಬಾನು ಬೀಯದು ರೇಡಿಯೊ ರಿಪೇರಿ ಅಂಗಡಿ. ಕಳುವಿರಲಿ, ಸುಳ್ಳು ಆಪಾದನೆ ಇರಲಿ, ಕೊಟ್ಟೂರಿನ ಆ ಓಣಿ ಅವಳ ಬಾಗಿಲನ್ನೇ ಬಡಿಯುತ್ತಿತ್ತು.

ಬಾನು ಬೀ ಬಂದವಳೇ ಅಸ್ಮಾ ಕೈಯಲ್ಲಿ ಹಿಡಿದು ಮಾತಾಡುವ ರೇಡಿಯೊ ಕೈಸೆಟ್ಟನ್ನು ಅದೇ ತರಂಗಕ್ಕೆ ತಿರುಗಿಸಿದಳು. ಸದ್ದೇ ಇಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಹಾಡು.

"ಪಂಚಾಕ್ಷರಪ್ಪನವ್ರ, ಈ ನಿಮ್ಮ ರೇಡಿಯೊ ಎಲ್ಲಿತನ ಹಿಡೀತೈತ್ರಿ?"

"ಇಪ್ಪತ್ನಾಲ್ಕರಿಂದ ಸಾವಿರದೇಳುನೂರು ಮೆಗಾಹರ್ಟ್ಸ್! ಆಕಾಶನ ನನ್ನ ಮುಷ್ಟ್ಯಾಗೈತಿ."

"ಆಕಾಶ ಹಿಡದ್ರ ಧೂಳೂ ಬರತೈತಿ," ಎಂದು ಅವಳು ಮೇಜಿನ ಹಿಂದೆ ಬಗ್ಗಿದಳು. ಆಂಟೆನಾದ ವಯರಿನ ತಿರುಪಿಗೆ ಬೆರಳು ಆಡಿಸಿ, ಬೆರಳನ್ನೇ ನೋಡಿದಳು. "ಕೊಟ್ರಮ್ಮಾ, ನೀನೂ ಬಾರವ್ವ. ಸಾಣಿಗಿ ತಗೊಂಡು ಬಾ."

ಸಾಣಿಗಿ ಯಾಕೆ? ಕೊಟ್ರಬಸಮ್ಮನಿಗೆ ತಲೆಬುಡ ತಿಳಿಯಲಿಲ್ಲ.

"ನೋಡ್ರಿ," ಬಾನು ಬೀ ಸಾಣಿಗಿ ಎತ್ತಿ ಹಿಡಿದಳು. "ಊರ ಹೊರಗ ಹೊಸಾ ಎಫ್‌ಎಂ ಟವರ್ ಎದ್ದೈತಿ. ಅದರ ಜೋರಿಗೆ ಈ ರೇಡಿಯೊಕ್ಕ ತಲಿ ತಿರುಗತೈತಿ. ನೂರರಾಗಿನ ಹಾಡನ್ನ ನೂರಾ ನಲವತ್ತೈದರಾಗೂ ತೋರಸ್ತೈತಿ. ಅದು ಭೂತ, ಕಳ್ಳ ಅಲ್ಲ. ಅದಕ್ಕ ಅಲ್ಲೇನ್ರಿ ನಾ ನಿಮಗ ಎಫ್‌ಎಂ ತಡಿಯೋ ಫಿಲ್ಟರ್ ಕೊಟ್ಟಿದ್ದು? ಅದು ಇದರ ಸಾಣಿಗಿ. ಈಗ ಎಲ್ಲೈತಿ?"

ವಯರು ನೇರ ರೇಡಿಯೊಗೇ ಸಿಕ್ಕಿತ್ತು. ಬಾನು ಬೀ ಚೀಲದಿಂದ ಅಂಥದೇ ಇನ್ನೊಂದು ಪುಟ್ಟ ಫಿಲ್ಟರ್ ಡಬ್ಬಿ ತೆಗೆದು ನಡುವೆ ಜೋಡಿಸಿದಳು. ಹಾಡು ನಿಂತಿತು. ಅಸ್ಮಾ ಓಣಿಯ ಆಚೆ ತುದಿಗೆ ಹೋಗಿ ಕೈಸೆಟ್ಟಿನಲ್ಲಿ ಮಾತಾಡಿದಳು. ಅವಳ ದನಿ ಮಾತ್ರ ಸ್ವಚ್ಛವಾಗಿ ಬಂತು.

ಪಂಚಾಕ್ಷರಪ್ಪ ದೂರಿನ ಕಾಗದವನ್ನು ಮೆಲ್ಲಗೆ ಹರಿದ. "ಹಂಗಾರ ಫಿಲ್ಟರ್ ತಗದವ್ರು ಯಾರು?"

"ಎಫ್‌ಎಂ ಹಾಡು ಬೇಕಾದವ್ರು. ತಿರುಪಿನಾಗ ಜೋಳದ ಹಿಟ್ಟು ಐತಿ."

ಕೊಟ್ರಬಸಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಗಂಡ ತನ್ನ ಅಂಗಡಿಗೆ ಹೋದ ಮೇಲೆ ಹನ್ನೊಂದರಿಂದ ಹನ್ನೆರಡರವರೆಗೆ ಎಫ್‌ಎಂನಲ್ಲಿ ಹಳೆಯ ಹಾಡುಗಳು ಬರುತ್ತಿದ್ದವು. ಕಂಪ್ಯೂಟರಿನ ರೇಡಿಯೊ ಹಚ್ಚುವುದು ಅವನ ಬೆನ್ನ ಹಿಂದೆ ನಿಂತು ವರ್ಷವೆಲ್ಲ ನೋಡಿ ಕಲಿತ ವಿದ್ಯೆ. ಡಬ್ಬಿ ಇದ್ದರೆ ಬರೀ ಗೊರಗೊರ, ಬಿಚ್ಚಿದರೆ ಗಂಟೆ ಬಾರಿಸಿದ ಹಾಗೆ. ಕೆಟ್ಟ ಡಬ್ಬಿ ಎಂದುಕೊಂಡು ಸಾಸಿವೆ ಡಬ್ಬದಲ್ಲಿ ಇಟ್ಟಿದ್ದಳು.

"ನಾನ ತಗದೀನ್ರಿ," ಎಂದಳು.

ಪಂಚಾಕ್ಷರಪ್ಪ ನಕ್ಕೇಬಿಟ್ಟ. "ನೀನಾ? ನಿನಗ ಕಂಪ್ಯೂಟರ್ ಹಚ್ಚಾಕ ಬರತೈತೇನಲೇ? ಹುಡುಗಿನ್ನ ಉಳಸಾಕ ಸುಳ್ಳು ಹೇಳಬ್ಯಾಡ. ಇಲಿ ಎಳದಿರಬೇಕು."

"ಇಲಿ ತಿರುಪು ಬಿಚ್ಚಂಗಿಲ್ರಿ," ಎಂದಳು ಬಾನು ಬೀ.

"ಹಂಗಾರ ಯಾರು?" ಅವನು ನಿಜವಾಗಿಯೂ ಗೊಂದಲಗೊಂಡು ಎಲ್ಲರ ಮುಖ ನೋಡಿದ, ಹೆಂಡತಿಯದೊಂದನ್ನು ಬಿಟ್ಟು. ಬಾಗಿಲಿಗೆ ಮರಳಿದ್ದ ಅಸ್ಮಾ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡಳು.

ಕೊಟ್ರಬಸಮ್ಮ ಸಾಣಿಗಿ ತೆಗೆದುಕೊಂಡು ಒಳಗೆ ಹೋದಳು. ಹಿಟ್ಟು ಇನ್ನೂ ಅರ್ಧ ಉಳಿದಿತ್ತು. ಕೈ ಆಡಿಸುತ್ತ ಲೆಕ್ಕ ಹಾಕಿದಳು: ಹನ್ನೊಂದಕ್ಕೆ ಡಬ್ಬಿ ಬಿಚ್ಚುವುದು, ಹನ್ನೆರಡಕ್ಕೆ ಹಾಕುವುದು. ಕೈ ತೊಳೆದುಕೊಂಡು.