ಎಪ್ಪತ್ನಾಲ್ಕು ಕಿಲೋ

ಮಧ್ಯಾಹ್ನ ನರ್ಸ್ ಹೊದಿಕೆ ಸರಿಸಿ ನೋಡಿದಳು. ಬೆಳಿಗ್ಗೆಯಷ್ಟೇ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ದರ್ಜಿಯ ತೊಡೆಸಂದು ಊದಿ, ಹಾಸಿಗೆ ಕೆಂಪಾಗಿತ್ತು. ಸ್ಟೆಂಟಿಗಾಗಿ ಕೊಳವೆ ತೂರಿಸಿದ್ದ ಆ ಜಾಗವನ್ನು ಅವಳು ಎರಡೂ ಕೈಯಿಂದ ಒತ್ತಿ ಹಿಡಿದಳು. ಡಾಕ್ಟರು ಓಡಿಬಂದು, ರಕ್ತ ಹೆಪ್ಪುಗಟ್ಟದಂತೆ ಪಂಪಿನಿಂದ ಹನಿಹನಿಯಾಗಿ ಬಿಡುತ್ತಿದ್ದ ಹೆಪಾರಿನ್ ಔಷಧ ನಿಲ್ಲಿಸಿ, ಮಾರುಮದ್ದು ಕೊಟ್ಟರು. ಅರ್ಧ ಗಂಟೆ ಒತ್ತಿದ ಮೇಲೆ ರಕ್ತ ನಿಂತಿತು.

ದರ್ಜಿಯ ಮಗಳು ನರ್ಸಿನ ಮೇಲೆ ಹರಿಹಾಯ್ದಳು. ಪಂಪಿಗೆ ಅಂಕಿ ಹಾಕಿದವಳು ಇವಳೇ, ಔಷಧ ಹೆಚ್ಚು ಬಿಟ್ಟವಳೂ ಇವಳೇ ಎಂದಳು. ನರ್ಸ್ ಪಂಪಿನ ಅಂಕಿಯನ್ನು ಮತ್ತೆ ನೋಡಿದಳು. ನಿಜಕ್ಕೂ ತನ್ನ ಕೈಯೇ ತಪ್ಪಿತೇ?

ಇಂಥ ಗೋಜಲು ಬಂದಾಗಲೆಲ್ಲ ಆಸ್ಪತ್ರೆ ಕರೆಯುತ್ತಿದ್ದುದು ಫಾರ್ಮಸಿಯ ಹಿರಿಯಕ್ಕನನ್ನು. ಆಕೆ ಬಂದು ಪಂಪನ್ನೂ ಸೀಸೆಯನ್ನೂ ನೋಡಿದಳು. ಎರಡೂ ಡಾಕ್ಟರು ಬರೆದಂತೆಯೇ ಇದ್ದವು. ರೋಗಿಯ ತೂಕ ನೋಡಿ ಕೊಡುವ ಔಷಧ ಅದು; ಡಾಕ್ಟರ ಲೆಕ್ಕವೂ ಚೀಟಿಯಲ್ಲಿದ್ದ ಎಪ್ಪತ್ನಾಲ್ಕು ಕಿಲೋ ತೂಕಕ್ಕೆ ಸರಿಯಿತ್ತು. ಅಷ್ಟರಲ್ಲಿ ನರ್ಸೂ ನರೆಗೂದಲಿನ ಅಟೆಂಡರನೂ ದರ್ಜಿಯನ್ನು ಹೂವೆತ್ತಿದಂತೆ ಎತ್ತಿ ಒಣ ಹಾಸಿಗೆಗೆ ಮಲಗಿಸಿದರು. ಹಿರಿಯಕ್ಕ ಅದನ್ನೇ ನೋಡುತ್ತಿದ್ದಳು. ಆಮೇಲೆ, ಬೆಳಿಗ್ಗೆ ತಲೆಸುತ್ತಿನಿಂದ ನಿಲ್ಲಲಾರದಿದ್ದ ಇವರನ್ನು ತೂಗಿದ್ದು ಹೇಗೆಂದು ಕೇಳಿದಳು. ಗಾಲಿಕುರ್ಚಿಯಲ್ಲಿ ಕೂರಿಸಿ, ಎಂದಳು ನರ್ಸ್. ಹಿರಿಯಕ್ಕ ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ತೂಗಿ ಬಂದಳು. ಮಂಚದ ಸುತ್ತ ಎಲ್ಲರನ್ನೂ ಸೇರಿಸಿದಳು.

"ಪಂಪು ಸರಿ, ಔಷಧ ಸರಿ, ಲೆಕ್ಕ ಸರಿ. ತಪ್ಪಿದ್ದು ತೂಕ. ಎಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡು ಕುರ್ಚಿಯದು. ಇವರು ಬರೀ ಐವತ್ತೆರಡು. ನಾವು ಕುರ್ಚಿಗೂ ಸೇರಿಸಿ ಔಷಧ ಕೊಟ್ಟಿದ್ದೀವಿ."

ಅಟೆಂಡರ ಮುಂದೆ ಬಂದ. "ತೂಗಿದ್ದು ನಾನೇ ಅಕ್ಕಾ. ಪಾಪ, ನಿಲ್ಲೋಕಾಗಲ್ಲ ಅಂತ ಕೂರಿಸ್ದೆ. ಕುರ್ಚಿ ತೂಕ ಕಳೆಯೋದು ಮರೆತೇಬಿಟ್ಟೆ."

"ಇವತ್ತು ಇನ್ಯಾರನ್ನಾದ್ರೂ ಹೀಗೇ ತೂಗಿದ್ಯಾ?"

"ಹೂಂ. ನಾಲ್ಕನೇ ಮಂಚದ ಮೇಷ್ಟ್ರನ್ನ."

ಮೇಷ್ಟ್ರನ್ನು ಆಗಲೇ ಸ್ಟೆಂಟ್ ಹಾಕಲು ಕರೆದೊಯ್ದಿದ್ದರು. ಅಟೆಂಡರ ಎದ್ದುಬಿದ್ದು ಓಡಿದ. ಮೇಷ್ಟ್ರಿಗೆ ಕೊಡಬೇಕಿದ್ದ ಹೆಪಾರಿನ್ ಇನ್ನೂ ಸಿರಿಂಜಿನಲ್ಲೇ ಇತ್ತು. ಮತ್ತೆ ತೂಗಿ, ಪ್ರಮಾಣ ತಗ್ಗಿಸಿದರು. ಮೇಷ್ಟ್ರಿಗೆ ಏನೂ ಆಗಲಿಲ್ಲ.

ದರ್ಜಿಯ ಮಗಳಿಗೆ ಇನ್ನೊಂದು ಭಯ: ಇಷ್ಟು ರಕ್ತ ಹೋದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನೂ ನಿಲ್ಲಿಸಬೇಕೇ? ಡಾಕ್ಟರು ಬೇಡವೆಂದರು, ಅವನ್ನು ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡೀತು. ಅವಳು ತಲೆಯಾಡಿಸಿ, ಸ್ಟೂಲು ಎಳೆದುಕೊಂಡು ನರ್ಸಿನ ಪಕ್ಕ ಕೂತಳು.

"ಸಿಸ್ಟರ್, ಬಾಯಿಗೆ ಬಂದಿದ್ದೆಲ್ಲ ಅಂದ್ಬಿಟ್ಟೆ. ಅಪ್ಪನ್ನ ಹಿಡಿದು ಉಳಿಸಿದ್ದು ನಿಮ್ಮ ಕೈಯೇ."

ಇಬ್ಬರೂ ಒಟ್ಟಿಗೆ ದರ್ಜಿಯ ಹೊದಿಕೆ ಸರಿಪಡಿಸಿದರು.