ಮೈಕಜ್ಜನ ದನಿ ಕದ್ದ ಕೈ

"ಅಕ್ಕಾ, ನಮ್ಮಪ್ಪನ ಮಾತು ಮತ್ತೆ ನಿಂತೋಯ್ತು. ಆ ರಿಪೇರಿಯವನು ಮೋಸ ಮಾಡಿದಾನೆ. ಅಂಗಡಿ ಮುಂದೆ ನಿಂತು ಅವನ ಮರ್ಯಾದೆ ತೆಗೆಯೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ."

ಮೈಕಜ್ಜನ ಮಗಳು ಇಷ್ಟು ಹೇಳಿ ಅತ್ತಿಗೆಯ ಎದುರು ದೊಪ್ಪನೆ ಕೂತಳು. ಶಾಲಾ ವ್ಯಾನು ಓಡಿಸುವ ಹೆಂಗಸು, ಅಳುವ ಪೈಕಿ ಅಲ್ಲ. ಆದರೆ ಅವತ್ತು ಕಣ್ಣು ಕೆಂಪಾಗಿತ್ತು. ನಾನಾಗಿದ್ದರೆ ಮೊದಲು ಮರ್ಯಾದೆ ತೆಗೆದು ಆಮೇಲೆ ಮಾತು ಕೇಳುತ್ತಿದ್ದೆ.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ವಿಮೆ ಕಂಪನಿಯಲ್ಲಿ ಸುಳ್ಳು ಅರ್ಜಿಗಳನ್ನು ಹಿಡಿಯುವ ಕೆಲಸ ಮಾಡಿ ನಿವೃತ್ತರಾದವರು. ಅಂಗಡಿ ಸುಟ್ಟುಹೋಯಿತು ಎಂದು ಗೋಳಾಡಿದವನ ಬೂದಿ ಕೆದಕಿ, ಸುಟ್ಟದ್ದು ಬಟ್ಟೆಯಲ್ಲ, ಖಾಲಿ ರಟ್ಟಿನ ಡಬ್ಬ ಎಂದು ಹೇಳಿದವರು. ಪೊಲೀಸರ ಹತ್ತಿರ ಒಯ್ಯಲಾಗದ ಗೋಳನ್ನೆಲ್ಲ ಜನ ಈಗ ಅವರ ಹತ್ತಿರ ತರುತ್ತಾರೆ. ನಾನು ಅವರ ಸ್ಕೂಟರು ಓಡಿಸುತ್ತೇನೆ, ಚೀಲ ಹೊರುತ್ತೇನೆ, ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಳ್ಳುತ್ತೇನೆ.

ಮೈಕಜ್ಜ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದವನು. ಆ ದನಿ ಕೇಳಿ ಓಡದ ಕಾಲು ನಮ್ಮೂರಲ್ಲಿಲ್ಲ. ಲಕ್ವ ಹೊಡೆದು ಮಾತು ಹೋಯಿತು, ಮೈಯೂ ಹೋಯಿತು. ಬಲಗೈಯ ಒಂದು ಬೆರಳು ಉಳಿಯಿತು. ಆ ಬೆರಳಿನಿಂದ ಲ್ಯಾಪ್‌ಟಾಪಿನಲ್ಲಿ ಒತ್ತಿದ್ದನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಆದರೆ ಲ್ಯಾಪ್‌ಟಾಪೂ ಅಜ್ಜನಷ್ಟೇ ಮುದುಕ. ಎರಡಕ್ಷರ ಒತ್ತಿದರೆ ಗರಬಡಿದಂತೆ ನಿಲ್ಲುತ್ತಿತ್ತು. ನೀರು ಬೇಕು ಅನ್ನುವುದರೊಳಗೆ ಬಾಯಾರಿಕೆಯೇ ಸುಸ್ತಾಗಿ ಮಲಗುತ್ತಿತ್ತು. ಮಗಳೇ ಹಣ ಕೊಟ್ಟು ರಿಪೇರಿಯವನ ಕೈಲಿ ಅದಕ್ಕೆ ದೊಡ್ಡ ಮೆಮೊರಿ ಹಾಕಿಸಿದಳು. ಯಂತ್ರ ಚುರುಕಾಯಿತು, ಅಜ್ಜ ಬಾಯಿಬಿಟ್ಟ. ಕೆಲವೇ ದಿನ. ಆಮೇಲೆ ಮತ್ತೆ ಅದೇ ಗರ.

"ಅಪ್ಪ ಇರೋದು ಅಣ್ಣನ ಮನೇಲಿ. ಅಣ್ಣ ಬ್ಯಾಂಕ್ ಮ್ಯಾನೇಜರು. ರಿಪೇರಿಯವನ ಮೇಲೆ ದೂರು ಕೊಡ್ತೀನಿ ಅಂತ ಅವನೂ ಕೂತಿದಾನೆ," ಅಂದಳು.

ಮ್ಯಾನೇಜರ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಗೋಡೆಯಲ್ಲಿ ಬಡಾವಣೆ ಸಂಘದ ಆಮಂತ್ರಣ ತೂಗುತ್ತಿತ್ತು: ಬರುವ ಭಾನುವಾರ ಆದರ್ಶ ಪುತ್ರನಿಗೆ ಸನ್ಮಾನ, ತಂದೆಯವರ ಸಮ್ಮುಖದಲ್ಲಿ. ಆದರ್ಶ ಪುತ್ರ ಇಸ್ತ್ರಿ ಮುರಿಯದಂತೆ ನಿಂತು ನಮ್ಮನ್ನು ಬರಮಾಡಿಕೊಂಡ. ಅಪ್ಪನ ಸೇವೆಯೇ ತನ್ನ ಬದುಕು ಎಂದು ಅಪ್ಪನ ಕೋಣೆಗೆ ಹೋಗುವ ಅರ್ಧ ದಾರಿಯಲ್ಲೇ ಹೇಳಿ ಮುಗಿಸಿದ.

ಅಜ್ಜನ ಕೋಣೆ ಕೊನೆಯಲ್ಲಿತ್ತು. ಬಾಗಿಲು ತೆಗೆದದ್ದೇ ಮೂಗಿಗೆ ಹೊಡೆಯಿತು. ಫಿನಾಯಿಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಹಳೆಯ ಮೂತ್ರದ್ದು, ಕೊಳೆಯುತ್ತಿರುವ ಏನೋ ಒಂದರದ್ದು. ಅಜ್ಜ ಅಂಗಾತ ಮಲಗಿದ್ದ. ಮೇಲಿನ ಹೊದಿಕೆ ಹೊಸದು, ಹೂವಿನ ಚಿತ್ತಾರದ್ದು. ಕೆಳಗಿನದನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಮ್ಯಾನೇಜರು ಹೊಸ್ತಿಲಲ್ಲೇ ನಿಂತ. ಅಪ್ಪನ ಪಕ್ಕದಲ್ಲಿದ್ದ ಲ್ಯಾಪ್‌ಟಾಪ್ ತೆಗೆದುಕೊಡಿ ಎಂದು ಅತ್ತಿಗೆ ಕೇಳಿದಾಗ ಹೋಗಿ, ತನ್ನ ಬೀರುವಿನ ಬೀಗ ತೆಗೆದು, ಡಬ್ಬದಿಂದ ಒಂದು ಜೊತೆ ರಬ್ಬರ್ ಗ್ಲೌಸು ತೆಗೆದು ಹಾಕಿಕೊಂಡು ಬಂದ. ಸತ್ತ ಇಲಿಯನ್ನು ಎತ್ತುವಂತೆ ಯಂತ್ರವನ್ನು ಎತ್ತಿ ನನ್ನ ಕೈಗಿತ್ತ. ಗ್ಲೌಸು ಕಳಚಿದಾಗ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಪುಡಿ ಉದುರಿತು. ಒದರಿಕೊಂಡ.

ಅಜ್ಜನನ್ನು ನೋಡಿಕೊಳ್ಳುವ ಆಯಾ ಮೂಲೆಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಅವಳ ಅಂಗೈ ಕೆಂಪಗೆ ಸೀಳಿತ್ತು. ಯಾಕಮ್ಮ ಹೀಗಾಯಿತು ಎಂದು ಅತ್ತಿಗೆ ಕೇಳಿದರೆ, ಬ್ಲೀಚಿಂಗ್ ಪುಡಿ ಅಂದಳು. ಗ್ಲೌಸು ಕೇಳಿದ್ದಳಂತೆ; ಅವು ಬರಿದೇ ಖರ್ಚಾಗುತ್ತವೆ ಎಂದು ಸಾಹೇಬರು ಕೊಡಲಿಲ್ಲವಂತೆ.

ಸೊಸೆ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. ಅವಳೂ ಏನನ್ನೂ ಮುಚ್ಚಿಡಲಿಲ್ಲ. "ಮಾವನ ಆ ಯಂತ್ರ ಇಡೀ ದಿನ ತಲೆ ತಿಂತಿತ್ತು, ನಿಜ ಹೇಳ್ತೀನಿ. ಸಂಘದವರು ಬಂದಾಗಲೂ, ಭಾನುವಾರ ನಾನೂ ಮಾತಾಡ್ತೀನಿ ಅಂತ ಅದರ ಕೈಲಿ ಹೇಳಿಸಿದ್ರು. ಅವರಿಗೆಲ್ಲ ಬಹಳ ಖುಷಿ. ಅದರ ಮಾರನೇ ದಿನಾನೇ ಅದು ಕೆಟ್ಟಿದ್ದು." ಇಷ್ಟಂದು ಗಂಡನ ಮುಖ ನೋಡಿ ಒಳಗೆ ಹೋದಳು.

ಹೊರಗೆ ಬರುವಾಗ ಮ್ಯಾನೇಜರು ದನಿ ತಗ್ಗಿಸಿದ. "ರಿಪೇರಿಯವನಲ್ಲ ಅಂದ್ರೆ ಆಯಾನೇ ಇರ್ಬೇಕು ಮೇಡಂ. ಬಿಚ್ಚಿ ಮಾರ್ಕೊಂಡಿರ್ತಾಳೆ. ಇಂಥೋರಿಗೆ ಎಷ್ಟು ಮಾಡಿದ್ರೂ ಅಷ್ಟೇ."

ನನ್ನ ಕೈ ಕಡಿಯಿತು. ಅತ್ತಿಗೆ ನನ್ನ ಕಾಲು ತುಳಿದರು.

ರಿಪೇರಿಯವನ ಅಂಗಡಿ ಗೂಡಿನಷ್ಟಿತ್ತು. ಅವನು ಮೊದಲು ಹೆದರಿದ, ಆಮೇಲೆ ರೇಗಿದ. ಹೊಸ ಮೆಮೊರಿಯನ್ನೇ ಹಾಕಿದ್ದೆ, ಹಳೆಯದನ್ನು ಸಣ್ಣ ಕವರಿನಲ್ಲಿಟ್ಟು ಯಂತ್ರದ ಜೊತೆಗೇ ಕಳಿಸಿದ್ದೆ, ಅದು ನನ್ನ ಪದ್ಧತಿ ಎಂದ. ಹೌದು, ಆ ಕವರು ಅಪ್ಪನ ಮೇಜಿನ ಮೇಲೆ ಬಿದ್ದಿತ್ತು ಎಂದು ಜೊತೆಗೆ ಬಂದಿದ್ದ ಮಗಳು ಒಪ್ಪಿದಳು.

"ಬಿಚ್ಚಿ ನೋಡೋಣಪ್ಪ. ಬೆರಳು ಮಾತ್ರ ತಾಗಿಸಬೇಡ," ಅಂದರು ಅತ್ತಿಗೆ.

ಬೆನ್ನಿನ ಮುಚ್ಚಳಕ್ಕೆ ಒಂದೇ ಸ್ಕ್ರೂ. ಅಡುಗೆಮನೆಯ ಚಾಕುವಿದ್ದರೂ ಸಾಕು. ಒಳಗೆ ಗೂಡು ಕನ್ನಡಿಯಂತಿತ್ತು. ರಿಪೇರಿಗೆ ಬಂದಾಗ ಅದರೊಳಗೆ ಜಿರಳೆ ಮೊಟ್ಟೆ, ಕೂದಲು, ಔಷಧಿ ಚೆಲ್ಲಿದ ಅಂಟು ಎಲ್ಲ ಇತ್ತು, ಬ್ರಷ್ಷು ಹಾಕಿ ಉಜ್ಜಿದ್ದೆ, ಆಮೇಲೆ ಊಟ ಸೇರಲಿಲ್ಲ ಎಂದು ರಿಪೇರಿಯವನು ನೆನಪಿಸಿಕೊಂಡ. ಆ ಸ್ವಚ್ಛವಾದ ಗೂಡಿನಲ್ಲಿ ಬೆರಳುದ್ದದ ಒಂದು ಮೆಮೊರಿ ಪಟ್ಟಿ ಕೂತಿತ್ತು. ಅದರ ಮೈ ತುಂಬ ಕಪ್ಪು ಜಿಡ್ಡು, ಜಿಡ್ಡಿಗೆ ಹತ್ತಿದ ಧೂಳು, ಒಂದು ಜಿರಳೆ ಕಾಲು.

"ಇದು ಹಳೇದು," ಎಂದ ಅವನು.

ಅತ್ತಿಗೆ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಪಟ್ಟಿಯ ಎರಡು ತುದಿಯಲ್ಲಿ ಯಾರೋ ಒತ್ತಿ ಕೂರಿಸಿದ ಗುರುತಿತ್ತು. ಜಿಡ್ಡು ಅಲ್ಲಿ ನುಣ್ಣಗೆ ಸವರಿಹೋಗಿತ್ತು, ಬೆರಳಿನ ಗೆರೆ ಒಂದೂ ಮೂಡಿರಲಿಲ್ಲ. ಅಂಚಿನಲ್ಲಿ ಚಿಟಿಕೆ ಬಿಳಿ ಪುಡಿ.

"ಹಿಟ್ಟು," ಎಂದೆ ನಾನು. "ಸೊಸೆ."

"ಹಿಟ್ಟಿನ ಕೈಗೂ ಗೆರೆ ಇರುತ್ತೆ," ಎಂದು ಅತ್ತಿಗೆ ಭೂತಗನ್ನಡಿ ಚೀಲಕ್ಕೆ ಹಾಕಿದರು. "ಎಲ್ಲರನ್ನೂ ಅಜ್ಜನ ಕೋಣೆಗೇ ಕರೀರಿ. ಪಡಸಾಲೇಲಿ ಬೇಡ."

ಸಂಜೆ ಎಲ್ಲರೂ ಸೇರಿದೆವು, ಯಂತ್ರ ಹಿಡಿದುಕೊಂಡು ರಿಪೇರಿಯವನೂ ಬಂದ. ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಲ್ಲೇ ಕುರ್ಚಿ ಹಾಕಿಸಿಕೊಂಡ. ಪಡಸಾಲೆಯಲ್ಲಿ ಕೂರೋಣ ಎಂದು ಎರಡು ಸಲ ಹೇಳಿದ. ಅಜ್ಜ ಇರುವುದು ಇಲ್ಲೇ, ಕಳ್ಳತನವಾದದ್ದು ಅವರ ದನಿ, ಅವರೂ ಕೇಳಬೇಕು ಎಂದರು ಅತ್ತಿಗೆ.

ಮೊದಲು ರಿಪೇರಿಯವನನ್ನು ಅನುಮಾನದಿಂದ ಬಿಡಿಸಿದರು. ಮೋಸ ಮಾಡುವವನಾದರೆ ಯಂತ್ರ ಚುರುಕಾಗುತ್ತಲೇ ಇರಲಿಲ್ಲ. ಆಗಿದ್ದನ್ನು ಮನೆಯವರೆಲ್ಲ ನೋಡಿದ್ದಾರೆ, ಆಮೇಲೆ ಅವನು ಈ ಮನೆಗೆ ಕಾಲಿಟ್ಟಿಲ್ಲ. ಉಜ್ಜಿದ ಗೂಡಿನಲ್ಲಿ ಕೊಳಕು ಪಟ್ಟಿ ಕೂತಿದೆ ಎಂದರೆ ಉಜ್ಜಿದ ಮೇಲೆ ಅದನ್ನು ಯಾರೋ ಮತ್ತೆ ಕೂರಿಸಿದ್ದಾರೆ. ಹಳೆಯ ಪಟ್ಟಿ ಈ ಕೋಣೆಯ ಮೇಜಿನ ಮೇಲಿತ್ತು. ಹಾಗಾಗಿ ಕೈ ಈ ಮನೆಯದೇ.

ಆಮೇಲೆ ಆಯಾ. "ಮಾರ್ಕೊಳ್ಳೋಳು ಹೊಸದನ್ನ ಕಿತ್ಕೊಂಡು ಹೋಗ್ತಾಳೆ. ಹಳೇದನ್ನ ಹುಡುಕಿ ಜಾಗಕ್ಕೆ ಕೂರಿಸೋ ಗೋಜಿಗೆ ಯಾಕೆ ಹೋಗ್ತಾಳೆ? ಪಟ್ಟಿನೇ ಇಲ್ಲದಿದ್ರೆ ಯಂತ್ರ ಶುರುವಾಗೋದೇ ಇಲ್ಲ. ಪೂರ್ತಿ ಸತ್ತರೆ ಮಗಳು ಬೇರೆ ತಂದುಕೊಡ್ತಾಳೆ. ಅದಾಗಬಾರದು. ಯಂತ್ರ ಇರಬೇಕು, ಬಂದೋರ ಕಣ್ಣಿಗೆ ಬೀಳಬೇಕು, ಆದರೆ ಮಾತು ಹೊರಡಬಾರದು. ಅಷ್ಟು ಅಳತೆಯ ಕೆಡುಕು ಯಾರಿಗೆ ಬೇಕಿತ್ತು?"

ಒತ್ತಿದ ಕೈಗೆ ಗೆರೆ ಇರಲಿಲ್ಲ, ಪುಡಿ ಇತ್ತು ಎಂದು ಅತ್ತಿಗೆ ಮುಂದುವರಿಸಿದರು. ಅಂದರೆ ರಬ್ಬರ್ ಗ್ಲೌಸು. ಈ ಮನೆಯಲ್ಲಿ ಮಲ ಬಳಿಯುವವರು ಬರಿಗೈಯಲ್ಲಿ ಬಳಿಯುತ್ತಾರೆ. ಗ್ಲೌಸು ಬೀಗದೊಳಗಿದೆ. ಅದನ್ನು ಹಾಕಿಕೊಳ್ಳುವುದು ಏನನ್ನೂ ಬಳಿಯದ ಒಬ್ಬರೇ.

"ಕಳ್ಳರು ಗುರುತು ಸಿಗಬಾರದು ಅಂತ ಗ್ಲೌಸು ಹಾಕ್ತಾರೆ ಸಾರ್. ನೀವು ಹಾಗೆ ಹಾಕ್ಲಿಲ್ಲ. ಜಿರಳೆ ಕಾಲು, ಅಪ್ಪನ ಜಿಡ್ಡು, ಎರಡಕ್ಕೂ ಹೇಸ್ಕೊಂಡು ಹಾಕಿದ್ರಿ. ಬರಿಗೈಯಲ್ಲಿ ಮುಟ್ಟಿದ್ರೆ ಈ ಮನೇಲಿ ಯಾರು ಬೇಕಾದ್ರೂ ಆಗಿರ್ಬೋದಿತ್ತು."

ಮ್ಯಾನೇಜರು ಇದೆಲ್ಲ ಊಹೆ ಎಂದ. ಮಾನನಷ್ಟ ಎಂದ. ವಕೀಲರು ಎಂದ. ಅಷ್ಟರಲ್ಲಿ ಸೊಸೆ ಎದ್ದು ಹೋದಳು. ಅವಳ ಹತ್ತಿರ ಬೀರುವಿನ ಇನ್ನೊಂದು ಕೀಲಿ ಇತ್ತೆಂದು ಅವನಿಗೂ ಗೊತ್ತಿರಲಿಲ್ಲವೇನೋ. ಗ್ಲೌಸಿನ ಡಬ್ಬ ತಂದು ಹಾಸಿಗೆಯ ತುದಿಯಲ್ಲಿ ಬೋರಲು ಹಾಕಿದಳು. ಗ್ಲೌಸುಗಳ ನಡುವಿನಿಂದ ಸಣ್ಣ ಕವರು ಬಿತ್ತು. ಅದರೊಳಗೆ ಹೊಳೆಯುವ ಹೊಸ ಪಟ್ಟಿ.

"ಭಾನುವಾರ ಮುಗಿದ ಮೇಲೆ ಮತ್ತೆ ಹಾಕೋಣ ಅಂತಾನೇ ಇದ್ದೆ," ಎಂದ ಮ್ಯಾನೇಜರು. "ಅಪ್ಪನಿಗೆ ತಲೆ ನೆಟ್ಟಗಿಲ್ಲ. ನಾಲ್ಕು ಜನರ ಮುಂದೆ ಏನೇನೋ ಅಂದ್ರೆ ನನ್ನ ಹೆಸರು ಏನಾಗಬೇಕು?"

ನಾನು ನೂರು ಕೊಳಕು ನೋಡಿದ್ದೇನೆ. ಕಟ್ಟಿದ ಚರಂಡಿಗೆ ಇಳಿದಿದ್ದೇನೆ, ಹುಳ ಬಿದ್ದ ದನದ ಗಾಯ ತೊಳೆದಿದ್ದೇನೆ. ಇಸ್ತ್ರಿ ಅಂಗಿಯೊಳಗಿನ ಆ ಮಾತಿನಷ್ಟು ಹೇಸಿಗೆ ಯಾವುದೂ ತರಿಸಿರಲಿಲ್ಲ. ಹೊಡೆಯಲು ಎದ್ದವನು ಹಾಗೇ ಕೂತೆ. ಅವನನ್ನು ಮುಟ್ಟಲು ನನಗೇ ಅಸಹ್ಯವಾಯಿತು.

"ಅಪ್ಪನ ತಲೆ ಹೇಗಿದೆ ಅಂತ ಅಪ್ಪನ್ನೇ ಕೇಳೋಣ," ಅಂದಳು ಮಗಳು.

ರಿಪೇರಿಯವನು ಅಲ್ಲೇ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚಿ, ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದ. ಟಿಕ್ ಎಂದಿತು. ಯಂತ್ರ ಬೆಳಗಿತು. ಆಯಾ ಅಜ್ಜನ ಕೈಯೆತ್ತಿ ಕೀಲಿಗಳ ಮೇಲಿಟ್ಟಳು. ಬೆರಳು ಒತ್ತಿತು, ಮತ್ತೆ ಒತ್ತಿತು. ಈ ಸಲ ಯಂತ್ರ ಕಾಯಿಸಲಿಲ್ಲ.

"ಮಗನೇ, ಬಾ. ನನ್ನ ಬೆನ್ನು ನೋಡು."

ಮಗಳೂ ಆಯಾನೂ ಸೇರಿ ಅಜ್ಜನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದರು. ಮಲಗಿ ಮಲಗಿ ಆದ ಬೆನ್ನಿನ ಹುಣ್ಣಿಗೆ ಅಂಗಿ ಅಂಟಿತ್ತು. ಅದನ್ನು ಬಿಡಿಸಿದಾಗ ಮಗಳು ತುಟಿ ಕಚ್ಚಿಕೊಂಡು, ಒಂದು ಕೈಯಲ್ಲಿ ಅಪ್ಪನನ್ನು ಹಿಡಿದು ಇನ್ನೊಂದು ಕೈಯಲ್ಲಿ ಡಾಕ್ಟರಿಗೆ ಫೋನು ಮಾಡಿದಳು. ಇವತ್ತೇ ಆಸ್ಪತ್ರೆಗೆ, ಅಲ್ಲಿಂದ ನನ್ನ ಮನೆಗೆ ಎಂದಳು. ಅತ್ತಿಗೆ ಮ್ಯಾನೇಜರ ಹಿಂದೆ ನಿಂತರು. ಅವನಿಗೆ ಒಳಗೆ ಬರದೆ ದಾರಿ ಉಳಿಯಲಿಲ್ಲ. ಎರಡು ಹೆಜ್ಜೆ ಬಂದ, ನೋಡಿದ, ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದ. ಅವನು ಕಕ್ಕುವುದು ಮನೆಗೆಲ್ಲ ಕೇಳಿಸಿತು.

ಸೊಸೆ ಸುಮ್ಮನೆ ಕೋಣೆಯ ಬಾಗಿಲು ಮುಂದೆ ಮಾಡಲು ಹೋದಳು. ಅಜ್ಜನ ಬೆರಳು ಆಡಿತು.

"ಬಾಗಿಲು ತೆಗೆದೇ ಇರ್ಲಿ," ಎಂದಿತು ಯಂತ್ರ. "ಇನ್ನೂ ಇದೆ."