ತಂತಿಯ ಆ ಕೊನೆಯಲ್ಲಿ

ಗುಹೆಯೊಳಕ್ಕೆ ಎಳೆದಿದ್ದ ತಂತಿಯ ಫೋನಿನಲ್ಲಿ ಮಾತು ಬರುವುದು ನಿಂತಾಗ ಹೊರಗೆ ಮೂವರು ಕಾಯುತ್ತಿದ್ದರು: ಒಳಗೆ ಹೋದವನ ಹೆಂಡತಿ, ಅವನ ತಂಗಿ, ಮತ್ತು ಹಗ್ಗ ಕಟ್ಟುತ್ತಲೇ ತಲೆ ನರೆತ ಒಬ್ಬ ಮುದುಕ. ಅವನನ್ನು ಎಲ್ಲರೂ ಹಗ್ಗದ ಮಾಮ ಎನ್ನುತ್ತಿದ್ದರು. ಅಣ್ಣ ಒಬ್ಬನೇ ಹೋಗಿರಲಿಲ್ಲ, ನಕ್ಷೆ ಬರೆಯುವ ಗೆಳೆಯನನ್ನೂ ಕರೆದುಕೊಂಡಿದ್ದ. ಮೋಡ ಕಟ್ಟಿದೆ, ಇವತ್ತು ಬೇಡ ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು. ಗುಹೆಯ ಹುಚ್ಚು ಹಿಡಿದವರಿಗೆ ಬುದ್ಧಿ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯುವುದೂ ಒಂದೇ.

ಮಳೆ ಬಂತು. ನೆಲದೊಳಗೆಲ್ಲೋ ಗುಡುಗಿದ ಹಾಗಾಯಿತು. ಬಂಡೆ ಕುಸಿದಿತ್ತು, ಫೋನ್ ಸತ್ತಿತ್ತು.

"ಗುಹೆ ಎರಡಾಗೋ ಕಡೆ ಎಡಗವಲಿಗೆ ಹೋಗ್ತೀನಿ ಅಂದಿದ್ದ. ನಡಿಯಮ್ಮ, ಅಲ್ಲೇ ಹುಡುಕೋಣ," ಎಂದು ಮಾಮ ಹಗ್ಗ ಹೆಗಲಿಗೇರಿಸಿದ.

"ಒಂದು ನಿಮಿಷ ಮಾಮ," ಎಂದಳು ತಂಗಿ. ಪೇಟೆಯಲ್ಲಿ ಅವಳದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಅಣ್ಣ ತಂಗಿಯರ ನಡುವೆ ಒಂದು ಒಪ್ಪಂದವಿತ್ತು: ಫೋನ್ ಒಡೆದುಹೋದರೆ ಒಳಗಿನವರು ತಂತಿಯ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆಯಬೇಕು. ಹೊರಗಿನವರು ಬ್ಯಾಟರಿ ಕಟ್ಟಿ ನೋಡಬೇಕು. ತಂತಿ ಉದ್ದವಾದಷ್ಟೂ ಕರೆಂಟಿಗೆ ತಡೆ ಹೆಚ್ಚು.

ಅವಳು ಬ್ಯಾಟರಿ ಕಟ್ಟಿದಳು. ಮೀಟರಿನ ಮುಳ್ಳು ಎದ್ದಿತು.

"ಹನ್ನೆರಡು ವೋಲ್ಟು, ಅರ್ಧ ಆಂಪಿಯರು. ಭಾಗಿಸಿದರೆ ತಡೆ ಇಪ್ಪತ್ನಾಲ್ಕು ಓಮು. ಈ ತಂತಿ ಎರಡೂ ಎಳೆ ಸೇರಿ ನೂರು ಮೀಟರಿಗೆ ಎರಡು ಓಮು. ಅಂದ್ರೆ ಸಾವಿರದಿನ್ನೂರು ಮೀಟರು. ಎಡಗವಲು ಎಂಟುನೂರಕ್ಕೇ ಮುಗಿದುಹೋಗುತ್ತೆ. ಅಣ್ಣ ಬಲಗವಲಲ್ಲಿ ಇದ್ದಾನೆ ಮಾಮ, ಅಲ್ಲಿ ಹರಿಯೋ ನೀರಿನಾಚೆ."

"ಬಂಡೆ ಬಿದ್ದು ಎಳೆಗಳು ಜಜ್ಜಿ ತಾವೇ ಅಂಟಿಕೊಂಡಿದ್ರೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಿತ್ತು. ಮುಳ್ಳು ಮತ್ತೆ ಎದ್ದು, ಸೊನ್ನೆ ಪಾಯಿಂಟ್ ಮೂರರ ಹತ್ತಿರ ನಿಂತಿತು.

"ಈಗ ನಲವತ್ತು ಓಮು. ಹದಿನಾರು ಹೆಚ್ಚಾಗಿದೆ. ಹಣೆದೀಪದ ಬಲ್ಬಿನ ತಡೆಯೂ ಅಷ್ಟೇ," ಎಂದು ತಂಗಿ ಮಾಮನ ಕಡೆ ತಿರುಗಿದಳು. "ಮಾಮ, ಬಂಡೆಗೆ ಬಲ್ಬ್ ಸಿಕ್ಕಿಸೋಕೆ ಬರಲ್ಲ."

ಅತ್ತಿಗೆ ಅಳುತ್ತಲೇ ನಕ್ಕಳು. "ಅಷ್ಟು ದೂರಕ್ಕೆ ಬೆಳಕು ಮುಟ್ಟುತ್ತಾ?"

"ಒಟ್ಟು ಮೂರೂವರೆ ವ್ಯಾಟ್ ಹೋಗ್ತಿದೆ. ಎರಡು ವ್ಯಾಟ್ ತಂತಿಯೇ ತಿಂದುಬಿಡುತ್ತೆ. ಬಲ್ಬಿಗೆ ಒಂದೂವರೆ ಸಿಗುತ್ತೆ. ಮುಖ ಕಾಣೋಕೆ ಸಾಕು. ನೀವು ಮುಳ್ಳು ನೋಡ್ತಾ ಇರಿ ಅತ್ತಿಗೆ. ಅದು ಅಲ್ಲೇ ಇದ್ರೆ ಅಣ್ಣ ಇದ್ದ ಹಾಗೇ."

ಹಾಗೆ ಹೇಳಬಾರದಿತ್ತು. ಆದರೆ ಆ ಹೊತ್ತಿಗೆ ಅವಳೂ ಅದನ್ನೇ ನಂಬಿದ್ದಳು, ಪಾಪ.

ತಂಗಿಯೂ ಮಾಮನೂ ಗುಹೆಗಿಳಿದರು. ಕವಲಿನಲ್ಲಿ ತಂತಿ ಕುಸಿದ ಕಲ್ಲುಗಳಡಿ ಮಾಯವಾಗಿತ್ತು. ಇಬ್ಬರೂ ಬಲಕ್ಕೆ ತಿರುಗಿದರು. ಸೀಳು ಕಿರಿದಾಗುತ್ತಾ ಹೋಯಿತು. ಹೊಟ್ಟೆಯ ಮೇಲೆ ತೆವಳಿ ಆಚೆ ಬಂದರೆ ಎದುರಿಗೆ ದೊಡ್ಡದೊಂದು ಹಜಾರ. ಮಾಡಿನಿಂದ ಬಿಳಿಯ ಸುಣ್ಣದ ಕೋಲುಗಳು ಇಳಿಬಿದ್ದಿದ್ದವು, ಪ್ರತಿಯೊಂದರ ತುದಿಯಲ್ಲೂ ಒಂದು ಹನಿ. ಬೇರೆ ದಿನವಾಗಿದ್ದರೆ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಇವತ್ತು ಕಣ್ಣೆಲ್ಲ ಕೆಳಗೆ ಹರಿಯುತ್ತಿದ್ದ ಕೆಂಪು ನೀರಿನ ಮೇಲೆ.

ಮಾಮ ಕಲ್ಲಿಗೆ ಹಗ್ಗ ಬಿಗಿದ. ನೀರು ಸೊಂಟಕ್ಕೆ ಬಂತು. ಎದೆಗೆ ಬಂತು. ಕುತ್ತಿಗೆಗೆ ಬಂತು.

ಮಾಮನ ಕಾಲು ಜಾರಿತು. ತಂಗಿ ಅವನ ಅಂಗಿಯ ಕಾಲರ್ ಹಿಡಿದು ಎಳೆದಳು.

"ವಯಸ್ಸಾಯ್ತು ಅಂತ ಮನೇಲಿ ಹೇಳಬೇಡ," ಎಂದು ಮಾಮ ನೀರು ಉಗುಳಿದ.

ಆಚೆ ದಡ ಹತ್ತಿದಾಗ ಬಂಡೆಯ ಹಿಂದೆ ಹಳದಿ ಬೆಳಕು ಕಂಡಿತು. ತಂಗಿ ಎದ್ದೆನೋ ಬಿದ್ದೆನೋ ಎಂದು ಓಡಿದಳು.

ನಕ್ಷೆಯವನು ಗೋಡೆಗೊರಗಿದ್ದ, ಮುರಿದ ಕಾಲಿಗೆ ಅಂಗಿಯ ಪಟ್ಟಿ ಬಿಗಿದಿತ್ತು. ಪಕ್ಕದಲ್ಲಿ ಅಣ್ಣ ಮಲಗಿದ್ದ. ಅವಳು ಅವನ ಕೈ ಮುಟ್ಟಿದಳು. ತಣ್ಣಗಿತ್ತು.

"ಬಂಡೆ ಅವನ ಎದೆಗೇ ಬಿತ್ತು," ನಕ್ಷೆಯವನು ತಡೆತಡೆದು ಹೇಳಿದ. "ಎಳೆ ಹೊಸೆದ. ನಮ್ಮ ದೀಪ ಎರಡೂ ಆರಿಹೋಗಿದ್ವು. ನಿನ್ನ ಕಾಲು ಕಟ್ಟೋಕೆ ಬೆಳಕು ಬೇಕು ಕಣೋ ಅಂತ ಬಲ್ಬ್ ಸಿಕ್ಕಿಸಿದ. ಕಟ್ಟಿ ಮುಗಿಸಿ, ನನ್ನ ತಂಗಿ ಲೆಕ್ಕ ಹಾಕಿ ಬಂದೇ ಬರ್ತಾಳೆ, ನೀನು ನಿದ್ದೆ ಮಾಡಬೇಡ ಅಂದ. ಆಮೇಲೆ ಮಾತಾಡಲಿಲ್ಲ."

ಅವಳು ಅಣ್ಣನ ಕೈ ಹಿಡಿದುಕೊಂಡು ಅತ್ತಳು. ಮಾಮ ತಡೆಯಲಿಲ್ಲ, ಅವನೂ ಮುಖ ತಿರುಗಿಸಿಕೊಂಡು ಅಳುತ್ತಿದ್ದ. ಆಮೇಲೆ ಅವಳು ಹೊರಗಿನಿಂದ ತಂದಿದ್ದ ಇನ್ನೊಂದು ಫೋನನ್ನು ತಂತಿಗೆ ಸಿಕ್ಕಿಸಿದಳು.

"ಮುಳ್ಳು ಅಲ್ಲೇ ಇದೆ ಕಣೇ," ಅತ್ತಿಗೆಯ ದನಿ ಉಕ್ಕಿ ಬಂತು. "ಒಂದು ಚೂರೂ ಅಲ್ಲಾಡಿಲ್ಲ. ಹುಷಾರಾಗಿದ್ದಾರಾ? ಅವರಿಗೆ ಕೊಡು."

"ಅತ್ತಿಗೆ, ನಾನು ತಪ್ಪು ಹೇಳಿದೆ. ಬಲ್ಬ್ ಉರೀತಿದೆ ಅಂತಷ್ಟೇ ಮುಳ್ಳಿಗೆ ಗೊತ್ತು. ಪಕ್ಕದಲ್ಲಿ ಯಾರು ಉಸಿರಾಡ್ತಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ."

ಅತ್ತಿಗೆ ಅಳುತ್ತಲೇ ಕೇಳಿದಳು.

"ಇನ್ನೊಬ್ಬರು?"

"ಇದ್ದಾರೆ. ನೀರು ಏರ್ತಿದೆ. ಒಬ್ಬರನ್ನೇ ಹೊತ್ತುಕೊಂಡು ಬರೋಕಾಗೋದು."

"ಅವರನ್ನ ಕರ್ಕೊಂಡು ಬಾ. ಅವರ ಮನೇಲೂ ಕಾಯ್ತಿದ್ದಾರೆ," ಅತ್ತಿಗೆ ಮೂಗೆಳೆದುಕೊಂಡಳು. "ಬ್ಯಾಟರಿ ತೆಗೆಯಲ್ಲ ನಾನು. ಕತ್ತಲಲ್ಲಿ ನಮ್ಮವರನ್ನ ಒಬ್ಬರನ್ನೇ ಬಿಡೋಕಾಗಲ್ಲ."

ಆ ನೀರಿನಲ್ಲಿ ನಕ್ಷೆಯವನನ್ನು ಹಗ್ಗಕ್ಕೆ ಕಟ್ಟಿ ಎಳೆದು ತಂದದ್ದನ್ನು ಮಾಮ ಇಂದಿಗೂ ವಿವರವಾಗಿ ಹೇಳುವುದಿಲ್ಲ. ತಂದರು, ಅಷ್ಟೇ. ಅವನ ಕಾಲು ಉಳಿಯಿತು, ಜೀವವೂ ಉಳಿಯಿತು.

ಮರುದಿನ ನೀರು ಇಳಿದ ಮೇಲೆ ಅಣ್ಣನನ್ನು ತರಲು ಹೋದರು. ರಾತ್ರಿ ಬ್ಯಾಟರಿ ಬಳಲಿದಾಗ ಅತ್ತಿಗೆ ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲು ಹೊಸದನ್ನು ಸಿಕ್ಕಿಸಿ ಆಮೇಲೆ ಹಳೆಯದನ್ನು ಬಿಡಿಸಿದ್ದಳು. ದೀಪ ಒಂದು ಕ್ಷಣವೂ ಆರಿರಲಿಲ್ಲ.

"ಹೊರಟೆವು ಅತ್ತಿಗೆ. ಈಗ ತೆಗೀಬಹುದು," ಎಂದು ತಂಗಿ ಒಳಗಿನಿಂದ ಹೇಳಿದಳು.

"ಬನ್ನಿ ನೀವು, ಆಮೇಲೆ ನೋಡೋಣ."

ಹೊರಗೆ ತಂದು ಮಲಗಿಸಿದರು. ಅತ್ತಿಗೆ ಗಂಡನ ಕೆನ್ನೆಯ ಮಣ್ಣನ್ನು ಸೆರಗಿನಿಂದ ಒರೆಸಿದಳು, ಕೂದಲು ಸರಿಮಾಡಿದಳು. ಆಮೇಲೆ ಎದ್ದು ಹೋಗಿ ತಾನೇ ಬ್ಯಾಟರಿಯ ತಂತಿ ಬಿಚ್ಚಿ ಬಂದು ಅವನ ಪಕ್ಕ ಕೂತಳು.